ಅಂಚಿನೊಳಗಿನ ಹೆಸರು

ಹುಣಸೆಹುಳಿ ತಾಗಿದ ಕಬ್ಬಿಣಕ್ಕೆ ಒಂದು ವಾಸನೆಯಿದೆ. ಹಿತ್ತಾಳೆಗೆ ತಾಗಿದಾಗ ಬರುವ ಹಬ್ಬದ ವಾಸನೆ ಅದಲ್ಲ. ಹಲ್ಲು ಬಿದ್ದ ಜಾಗವನ್ನು ನಾಲಿಗೆಯಿಂದ ಮುಟ್ಟಿದರೆ ಸಿಗುತ್ತದಲ್ಲ, ಆ ರುಚಿಯ ಹಾಗಿರುತ್ತದೆ. ಹೋದ ತಿಂಗಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ತುಮಕೂರಿನ ನನ್ನ ಮನೆಗೆ ಒಂದು ಹಳೆಯ ಮಿಲಿಟರಿ ಹೆಲ್ಮೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅವರ ತಾತನದಂತೆ. ನಾನು ಇಂಥವನ್ನು ಕೂಡಿಡುತ್ತೇನೆ, ಶುಚಿ ಮಾಡಿ ಕಾಪಾಡುತ್ತೇನೆ ಎಂದು ಯಾರೋ ಹೇಳಿದ್ದರಂತೆ. "ನಿಮ್ಗೆ ಕೆಲ್ಸ ಕಮ್ಮಿ ಆಗ್ಲಿ ಅಂತ ಮನೇಲೇ ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜಿಸ್ಕೊಂಡ್ ಬಂದಿದೀನಿ ಮೇಡಂ" ಎಂದು ಹೆಮ್ಮೆಯಿಂದ ಹೊರಗೆ ತೆಗೆದರು. ಫಳಫಳ ಹೊಳೆಯುತ್ತಿತ್ತು. ನಾನು ಅದನ್ನು ಮುಖದ ಹತ್ತಿರ ತಂದವಳು ಹಾಗೇ ಮೇಜಿನ ಮೇಲಿಟ್ಟೆ. ಕಾಫಿ ತರುತ್ತೇನೆಂದು ಒಳಗೆ ಹೋಗಿ ಒಲೆ ಹಚ್ಚದೆ ಸುಮ್ಮನೆ ನಿಂತೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಸಿಟ್ಟು ಮಾಡಿಕೊಳ್ಳಲು ನನಗಿಂತ ಕಡಿಮೆ ಹಕ್ಕಿರುವವರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು.

ಎಪ್ಪತ್ತರ ದಶಕದಲ್ಲಿ ಗುಬ್ಬಿಯಲ್ಲಿ ನಮ್ಮದೊಂದು ಮನೆಯಿತ್ತು. ದೊಡ್ಡ ಮನೆಯೇನಲ್ಲ. ಮೂರು ಅಂಕಣದ ಹೆಂಚಿನ ಮನೆ, ಹಿತ್ತಲಲ್ಲಿ ಸೇದುವ ಬಾವಿ, ಬಾವಿಯ ಪಕ್ಕ ಪಾತ್ರೆ ತೊಳೆಯುವ ಕಲ್ಲು. ರೈಲು ಹಾದು ಹೋದಾಗ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆ ಸದ್ದಿನಲ್ಲೇ ನಮಗೆ ಹೊತ್ತು ಗೊತ್ತಾಗುತ್ತಿತ್ತು. ಅಜ್ಜಿ, ಅಪ್ಪ, ಅಮ್ಮ, ನಾನು, ಚಿಕ್ಕಪ್ಪ, ಆ ವರ್ಷ ತಾನೇ ಮದುವೆಯಾಗಿ ಬಂದಿದ್ದ ರತ್ನ ಚಿಕ್ಕಮ್ಮ, ಮತ್ತೆ ಅಣ್ಣತಮ್ಮಂದಿರಲ್ಲಿ ಹಿರಿಯರಾದ, ಮದುವೆಯೇ ಮಾಡಿಕೊಳ್ಳದ ದೊಡ್ಡಪ್ಪ. ದೊಡ್ಡಪ್ಪ ಚೇಳೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಅವರ ಬಟ್ಟೆಯಲ್ಲಿ ಯಾವಾಗಲೂ ಡೀಸೆಲ್ ಮತ್ತು ಬೀಡಿಯ ವಾಸನೆ. ಬಸ್ಸಿನಲ್ಲಿ ಯಾರಾದರೂ ತಂದ ಮಾಗಿದ ಸೀಬೆಹಣ್ಣು ನನ್ನ ಪಾಲಿಗೆ ಅವರ ಜೇಬಿನಲ್ಲಿರುತ್ತಿತ್ತು, ಹಾಗಾಗಿ ಆ ಹಣ್ಣಿಗೂ ಡೀಸೆಲ್ಲಿನದೇ ರುಚಿ. ನನಗೆ ಇವತ್ತಿಗೂ ಒಳ್ಳೆಯ ಸೀಬೆಹಣ್ಣು ತಿಂದರೆ ಏನೋ ಕಮ್ಮಿಯಾದ ಹಾಗನ್ನಿಸುತ್ತದೆ.

ಬಸ್ಸಿಗೆ ಮೊದಲು ಅವರು ಓಡಿಸಿದ್ದು ಮಿಲಿಟರಿ ಲಾರಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋಗಿ ಬಂದವರು. ಅಲ್ಲಿಂದ ಅವರು ಮನೆಗೆ ತಂದದ್ದು ಎರಡೇ: ಸರಿಯಾಗಿ ಕೇಳಿಸದ ಎಡಗಿವಿ, ಮತ್ತೆ ಅಗಲ ಅಂಚಿನ, ಬೋರಲು ಹಾಕಿದ ತಟ್ಟೆಯಂಥ ಒಂದು ಕಬ್ಬಿಣದ ಟೋಪಿ. ಅದರ ಹಸಿರು ಬಣ್ಣದಲ್ಲಿ ಮರಳು ಬೆರೆಸಿದ್ದರಿಂದ ಮುಟ್ಟಿದರೆ ಕೈಗೆ ತರಿತರಿ. ಒಳಗಿನ ಚರ್ಮದ ಪಟ್ಟಿಯನ್ನು ಇಲಿಗಳು ಯಾವಾಗಲೋ ಮುಗಿಸಿದ್ದವು. ನಡುಮನೆಯ ಗೋಡೆಯ ಮೊಳೆಗೆ, ಬಾಯಿ ಗೋಡೆಯ ಕಡೆ ಮಾಡಿ, ಅದನ್ನು ತೂಗುಹಾಕಿದ್ದರು. ಅಜ್ಜಿ ಅದನ್ನು "ನಿನ್ ಬೋಗುಣಿ" ಎಂದು ಹಂಗಿಸುತ್ತಿದ್ದಳು, ರಾಗಿ ಅಳೆಯಲಿಕ್ಕಾದರೂ ಕೊಡು ಎಂದು ಕೇಳುತ್ತಿದ್ದಳು. ದೊಡ್ಡಪ್ಪ ನಗುತ್ತಿದ್ದರೇ ಹೊರತು ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆ ಕಳೆದ ವಾರ, ಅದನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಕುಣಿಗಲ್ಲಿಗೆ ಹೋಗಿಬರುತ್ತಿದ್ದರು. ಅಲ್ಲಿ ಯಾರೋ ಪರಿಚಯದ ಮುದುಕಿ ಇದ್ದಾಳೆ ಎನ್ನುವಷ್ಟು ನಮಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನನಗಾಗ ಹನ್ನೊಂದು ವರ್ಷ. ನಮ್ಮ ಸೀಮೆಯಲ್ಲಿ ಪಾತ್ರೆ ಕೊಂಡ ಕೂಡಲೇ ಅದರ ಮೇಲೆ ಹೆಸರು ಕೊರೆಸುವ ಪದ್ಧತಿ ನಿಮಗೂ ಗೊತ್ತಿರಬೇಕು. ಮದುವೆ ಮುಂಜಿಗಳಲ್ಲಿ ಪಾತ್ರೆಗಳು ಮನೆ ಬದಲಾಗುವುದು ಮಾಮೂಲಿ. ಬೇರೆಯವರ ಹೆಸರಿನ ಒಂದು ಲೋಟ ನಮ್ಮ ಗೂಡಿನಲ್ಲಿ ಕಂಡರೆ ಅಜ್ಜಿಗೆ ಅನ್ನ ಇಳಿಯುತ್ತಿರಲಿಲ್ಲ. "ಕದ್ಕೊಂಡ್ ಬಂದವ್ರೆ ಅಂತಾರೆ ಕಣ್ರೇ ಜನ" ಎಂದು ಅವತ್ತೇ ಅದನ್ನು ವಾಪಸ್ಸು ಕಳಿಸಬೇಕು. ಹೀಗೆ ಬೆಳೆದವಳು ನಾನು. ಒಂದು ದಿನ ಸ್ಕೂಲಿನ ಗೆಳತಿ ವನಜಾ ಮನೆಗೆ ಬಂದಿದ್ದಳು. ನಮ್ಮ ದೊಡ್ಡಪ್ಪ ಯುದ್ಧ ಮಾಡಿದ್ದಾರೆ ಎಂದು ಜಂಭ ಕೊಚ್ಚಿಕೊಳ್ಳಲು ಸ್ಟೂಲು ಹತ್ತಿ ಟೋಪಿ ಇಳಿಸಿ ತೋರಿಸಿದೆ. ಅವಳು ಅದನ್ನು ತಿರುಗಿಸಿ ನೋಡಿದಳು. ಅಂಚಿನ ಒಳಮೈಯಲ್ಲಿ ಬೆಂಕಿಕಡ್ಡಿಯಿಂದ ಬರೆದಂಥ ದಪ್ಪನೆಯ ಬಿಳಿ ಪೈಂಟಿನ ಅಕ್ಷರಗಳಿದ್ದವು: ಗಿರಿಯಪ್ಪ, ಕುಣಿಗಲ್. ನಮ್ಮ ದೊಡ್ಡಪ್ಪನ ಹೆಸರು ನಂಜುಂಡಯ್ಯ. ವನಜಾ ನನ್ನ ಮುಖ ನೋಡಿ, "ಬೇರೆಯೋರ್ದನ್ನ ಎತ್ಕೊಂಡ್ ಬಂದವ್ರೆ ಬುಡೇ" ಎಂದು ಕಿಸಕ್ಕನೆ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಅವಳೊಂದಿಗೆ ಒಂದು ವಾರ ಮಾತು ಬಿಟ್ಟೆ. ಆದರೆ ದೊಡ್ಡಪ್ಪನನ್ನು ಕೇಳುವ ಧೈರ್ಯ ಮಾಡಲಿಲ್ಲ. ಅವಳು ಹೇಳಿದ್ದೇ ನಿಜವಾಗಿಬಿಟ್ಟರೆ ಎಂಬ ಹೆದರಿಕೆ.

ಆಯುಧಪೂಜೆಯ ದಿನ ಬೆಳಿಗ್ಗೆ ದೊಡ್ಡಪ್ಪ ಬಸ್ಸು ತೊಳೆಯಲು ಕೆರೆಗೆ ಹೋಗಿದ್ದರು. ಹಿತ್ತಲಲ್ಲಿ ಮನೆಯ ಲೋಹವೆಲ್ಲ ಹರಡಿತ್ತು. ರತ್ನ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು, ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹಿಡಿದು ಹಂಡೆ, ಕೊಳಗ, ದೀಪ ಎಲ್ಲವನ್ನೂ ತಿಕ್ಕುತ್ತಿದ್ದಳು. ಕುಡುಗೋಲು, ಮಚ್ಚು, ಬಸ್ಸಿನ ಸ್ಪ್ಯಾನರುಗಳು ನನ್ನ ಪಾಲು. ನನಗೆ ಆಗ ಹೊಳೆಯಿತು: ಟೋಪಿಯನ್ನೂ ಉಜ್ಜಿ ಪೂಜೆಗಿಡಬೇಕು, ಆ ಹೆಸರನ್ನೂ ತೆಗೆದುಬಿಡಬೇಕು, ಇನ್ನು ಮೇಲೆ ಯಾರೂ ನಮ್ಮ ದೊಡ್ಡಪ್ಪನನ್ನು ಕಳ್ಳ ಎನ್ನಬಾರದು. ಚಿಕ್ಕಮ್ಮ ಒಳಗೆ ಹೋದ ಹೊತ್ತು ನೋಡಿ ಇಳಿಸಿಕೊಂಡು ಬಂದು ಬಾವಿಯ ಹಿಂದೆ ಕೂತೆ. ಹೊರಗಿನ ಹಸಿರು ಸೀಮೆಎಣ್ಣೆಗೂ ಇಟ್ಟಿಗೆ ಪುಡಿಗೂ ಪದರಪದರವಾಗಿ ಬಂತು. ಒಳಗಿನ ಬಿಳಿ ಅಕ್ಷರ ಮಾತ್ರ ಜಗ್ಗಲಿಲ್ಲ. ಅದಕ್ಕೆ ಕುಡುಗೋಲಿನ ತುದಿ ಬೇಕಾಯಿತು. ಒಂದೊಂದೇ ಅಕ್ಷರವನ್ನು ಎಬ್ಬಿಸಿ ಎಬ್ಬಿಸಿ ತೆಗೆದೆ. ಗೊತ್ತಿಲ್ಲದೆ ಅಳಿಸಿಹೋಯಿತು ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ. ನಾನು ಅದನ್ನು ಓದಿ, ಓದಿದ್ದನ್ನೇ ಕೆರೆದು ಹಾಕಿದೆ. ಆಮೇಲೆ ಹುಣಸೆಹುಳಿ ಹಾಕಿ ಬೆಳ್ಳಿಯ ಹಾಗೆ ಮಾಡಿ, ಒರೆಸಿ, ಪೂಜೆಯ ಮಣೆಯ ಮೇಲೆ ಜ್ಯಾಕಿನ ಪಕ್ಕ ಇಟ್ಟು ನಾನೇ ಕುಂಕುಮ ಹಚ್ಚಿದೆ.

ಮಧ್ಯಾಹ್ನ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿದ ಬಸ್ಸು ಮನೆ ಮುಂದೆ ನಿಂತಿತು. ದೊಡ್ಡಪ್ಪ ಕಾಲು ತೊಳೆದು ಒಳಗೆ ಬಂದರು. ಮಣೆಯ ಮೇಲಿನದನ್ನು ನೋಡಿ ಅದೇನೆಂದು ಅವರಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಎತ್ತಿಕೊಂಡು, ತಿರುಗಿಸಿ, ಹೆಬ್ಬೆರಳನ್ನು ಅಂಚಿನ ಒಳಗೆ ಆಡಿಸಿದರು. ಇನ್ನೊಂದು ಸಲ ಆಡಿಸಿದರು.

"ಯಾರು ಉಜ್ಜಿದ್ದು ಇದ್ನ?" ಎಂದು ಮೆತ್ತಗೆ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿ ಸಂಭ್ರಮದಿಂದ, "ಇನ್ಯಾರ್ಲಾ, ನಮ್ ಹೊಸ ಸೊಸೆ. ಬೆಳಗ್ಗಿಂದ ಒಂದ್ ಸಾಮಾನು ಬುಡದಂಗೆ ಎಲ್ಲ ಅವ್ಳೇ ಉಜ್ಜವ್ಳೆ" ಎಂದಳು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ನನ್ನ ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಕೂತಿತ್ತು. ಎರಡೂ ಕೈಯನ್ನು ಲಂಗದ ಹಿಂದೆ ಇಟ್ಟುಕೊಂಡೆ. ಬಾಗಿಲ ಮರೆಯಲ್ಲಿ ನಿಂತಿದ್ದ ಚಿಕ್ಕಮ್ಮ ಅದನ್ನು ನೋಡಿದಳು. ತಮ್ಮನ ಹೆಂಡತಿಯಾದವಳು ಭಾವನ ಎದುರಿಗೆ ನಿಂತು ಮಾತಾಡುವ ವಾಡಿಕೆ ನಮ್ಮ ಮನೆಯಲ್ಲಿರಲಿಲ್ಲ, ಅತ್ತೆಯ ಮಾತಿಗೆ ಅಲ್ಲ ಎನ್ನುವ ವಾಡಿಕೆ ಮೊದಲೇ ಇರಲಿಲ್ಲ. ಅವಳು ಮಾತಾಡಲಾರಳು. ಮಾತಾಡಬಹುದಾಗಿದ್ದವಳು ನಾನೊಬ್ಬಳೇ. ದೊಡ್ಡಪ್ಪ ಕೂಗಾಡಲಿಲ್ಲ. ಹೆಗಲ ಟವಲಿನಿಂದ ಕುಂಕುಮ ಒರೆಸಿ ಟೋಪಿಯನ್ನು ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ಆ ದಿನ ಬಸ್ಸಿಗೆ ಕುಂಬಳಕಾಯಿ ಒಡೆದದ್ದು ಚಿಕ್ಕಪ್ಪ.

ಮುಂದಿನ ವಾರ ಕುಣಿಗಲ್ಲಿಗೆ ಹೊರಟಾಗ, "ಬಾರವ್ವ ಸರೋಜಾ, ಒಬ್ನೇ ಹೋಗಕ್ಕೆ ಮನ್ಸಿಲ್ಲ" ಎಂದು ನನ್ನನ್ನು ಕರೆದರು. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ, ಯಾವತ್ತೂ ಹೇಳದ್ದನ್ನು ಹೇಳಿದರು. ಗಿರಿಯಪ್ಪ ಅವರ ಜೊತೆಯ ಲಾರಿ ಡ್ರೈವರು. ಒಂದು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಅವನ ಟೋಪಿಯನ್ನು ಇವರು, ಇವರದನ್ನು ಅವನು ಹಾಕಿಕೊಂಡುಬಿಟ್ಟಿದ್ದರು. ದಾರಿಯಲ್ಲಿ ನೋಡಿ ಇಬ್ಬರೂ ನಕ್ಕರಂತೆ. "ಸಾಯಂಕಾಲ ಬದ್ಲಾಯ್ಸ್ಕೊಂಡ್ರಾಯ್ತು ಅಂದ. ಸಾಯಂಕಾಲ ಅವ್ನಿರ್ಲಿಲ್ಲ ಕಣವ್ವ. ನನ್ ಟೋಪೀಲೇ ಹೋದ." ಅವನ ದೇಹ ಸಿಗಲಿಲ್ಲ. ಅವನದೊಂದು ಫೋಟೋ ಇರಲಿಲ್ಲ. ಹೆಸರು, ಊರು ಬರೆಯುವಷ್ಟೇ ಅಕ್ಷರ ಅವನಿಗೆ ಬರುತ್ತಿದ್ದದ್ದು; ಊರಿಗೆ ಕಾಗದ ಬರೆದುಕೊಡುತ್ತಿದ್ದದ್ದೂ ದೊಡ್ಡಪ್ಪನೇ. ಆ ಮನುಷ್ಯ ತನ್ನ ಕೈಯಾರೆ ಮಾಡಿ ಈ ಲೋಕದಲ್ಲಿ ಉಳಿಸಿಹೋದದ್ದು ಟೋಪಿಯ ಒಳಗಿನ ಆ ಎರಡು ಪದ ಮಾತ್ರ. ಹೇಳಿ ಮುಗಿಸಿ ದೊಡ್ಡಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತರು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ.

ಗಿರಿಯಪ್ಪನ ತಾಯಿ ಸಿದ್ದಮ್ಮನ ಮನೆ ಕುಣಿಗಲ್ಲಿನಲ್ಲಿ ಕೆರೆಯ ಏರಿಗೆ ಹತ್ತಿರವಿತ್ತು. ಎರಡು ಕಣ್ಣಿಗೂ ಪೊರೆ ಬಂದು ಆಕೆಗೆ ಏನೂ ಕಾಣುತ್ತಿರಲಿಲ್ಲ. ಅಕ್ಷರವಂತೂ ಮೊದಲೇ ಬರುತ್ತಿರಲಿಲ್ಲ. ದೊಡ್ಡಪ್ಪನ ದನಿ ಕೇಳಿದ್ದೇ ಗೋಡೆಗೊರಗಿ ಕೂತು ಮಡಿಲು ಸರಿಮಾಡಿಕೊಂಡಳು. ಪ್ರತಿವರ್ಷ ನಡೆಯುವ ಕೆಲಸ ಅದು ಎಂದು ನೋಡಿದರೇ ತಿಳಿಯುತ್ತಿತ್ತು. ಟೋಪಿಯನ್ನು ಮಡಿಲಲ್ಲಿ ಬೋರಲು ಮಾಡಿ, ಮಗುವಿನ ತಲೆ ಸವರಿದ ಹಾಗೆ ಸವರಿ, ಆಮೇಲೆ ತಿರುಗಿಸಿ ಬಲಗೈಯ ತೋರುಬೆರಳನ್ನು ಅಂಚಿನ ಒಳಗಿಟ್ಟಳು. ಬೆರಳು ಒಂದು ಸುತ್ತು ಬಂತು. ನಿಂತಿತು. ಮತ್ತೆ ಸುತ್ತಿತು.

"ಇಲ್ಲೇ ಇತ್ತಲ್ಲಪ್ಪ ನಂಜುಂಡ" ಎಂದಳು.

"ತುಕ್ಕು ತಿಂದ್ಬುಡ್ತು ಕಣಮ್ಮ" ಎಂದರು ದೊಡ್ಡಪ್ಪ. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುದುಕಿ ಬೆರಳನ್ನು ಅಲ್ಲೇ ಒತ್ತಿ, "ತುಕ್ಕಲ್ಲ ಬುಡಪ್ಪ. ತುಕ್ಕಾದ್ರೆ ಕೈಗೆ ಒರಟಾಗ್ತದೆ. ಇದ್ಯಾರೋ ಮುತುವರ್ಜಿಯಿಂದ ಉಜ್ಜವ್ರೆ" ಎಂದಳು. ದೊಡ್ಡಪ್ಪ ಎದ್ದು, ಬೀಡಿ ಸೇದಿ ಬರುತ್ತೇನೆಂದು ಹೊರಗೆ ಹೋದರು. ಸಿದ್ದಮ್ಮ ನನ್ನನ್ನು ಹತ್ತಿರ ಕರೆದು, ಹುರಿಗಡಲೆ ಬೆಲ್ಲ ಕೊಡಲು ನನ್ನ ಕೈ ಹಿಡಿದುಕೊಂಡಳು. ಇಟ್ಟಿಗೆ ಪುಡಿಗೆ, ಸೀಮೆಎಣ್ಣೆಗೆ ಬೆರಳ ತುದಿಗಳೆಲ್ಲ ಒಡೆದು ಹಕ್ಕಳೆ ಕಟ್ಟಿದ್ದವು. ಆಕೆ ಒಂದೊಂದೇ ಬೆರಳನ್ನು ಮುಟ್ಟಿ ನೋಡಿದಳು. ಬೈಯಲಿಲ್ಲ. ಕಡಲೆಯನ್ನು ಅಂಗೈಗೆ ಸುರಿದು, ಬೆರಳುಗಳನ್ನು ಮಡಿಸಿ, ನನ್ನ ಕಿವಿಯ ಹತ್ತಿರ ಬಾಗಿ, "ಮನೆಗೋಗ್ತಾ ದಾರೀಲಿ ಹೇಳ್ಬುಡು ಕಣವ್ವ ಅವ್ನಿಗೆ" ಎಂದಳು. ನಾನು ಹೂಂ ಎಂದು ತಲೆಯಾಡಿಸಿದೆ. ಆಕೆಗೆ ಕಾಣುವುದಿಲ್ಲವೆಂದು ನೆನಪಾಗಿ, ಬಾಯಿ ಬಿಟ್ಟು ಹೂಂ ಎಂದೆ.

ಹೇಳಲಿಲ್ಲ. ಬಸ್ಸು ಕುಣಿಗಲ್ ದಾಟಲಿ ಎಂದುಕೊಂಡೆ, ಆಮೇಲೆ ತುಮಕೂರು ಬರಲಿ ಎಂದುಕೊಂಡೆ, ಆಮೇಲೆ ಗುಬ್ಬಿ ಬಸ್ಸು ಹತ್ತೋಣ ಎಂದುಕೊಂಡೆ. ದೊಡ್ಡಪ್ಪ ಟೋಪಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಒಂದೊಂದೇ ಕಡಲೆ ತಿನ್ನುತ್ತ ಗುಬ್ಬಿ ಬರುವಷ್ಟರಲ್ಲಿ ಎಲ್ಲವನ್ನೂ ತಿಂದು ಮುಗಿಸಿದೆ. ಅಷ್ಟು ಹೊತ್ತಿತ್ತು ನನಗೆ. ಮುಂದಿನ ಹಬ್ಬದೊಳಗೆ ಸಿದ್ದಮ್ಮ ತೀರಿಕೊಂಡಳು. ದೊಡ್ಡಪ್ಪ ಮತ್ತೆ ಕುಣಿಗಲ್ಲಿಗೆ ಹೋಗಲಿಲ್ಲ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ದೊಡ್ಡಪ್ಪ ಊಟಕ್ಕೆ ಕೂತಾಗ ಚಿಕ್ಕಮ್ಮ ತಟ್ಟೆ ತಂದಿಟ್ಟರೆ, "ದೊಡ್ಡೋಳು ಇಲ್ವಾ?" ಎಂದು ಹಿರಿಯ ಸೊಸೆಯಾದ ಅಮ್ಮನನ್ನು ಕರೆಸುತ್ತಿದ್ದರು, ಅಷ್ಟೇ. ಅವಳು ಇಟ್ಟ ನೀರಿನ ಚೊಂಬು ಹಾಗೇ ಇರುತ್ತಿತ್ತು. ಬೇರೆಯವರ ಮೇಲೆ ಒಂದು ದಿನವೂ ಮುನಿಸಿಕೊಳ್ಳದ ಆ ಮನುಷ್ಯ ತಮ್ಮ ಪಾಲಿನ ಮುನಿಸನ್ನೆಲ್ಲ ಒಬ್ಬಳ ಮೇಲೆ ಹಾಕಿದ್ದರು. ಹಾಕಿದ್ದೂ ತಪ್ಪು ಜಾಗಕ್ಕೆ. ನಾನು ಅದೇ ಪಂಕ್ತಿಯಲ್ಲಿ ಕೂತು ಮುದ್ದೆ ನುಂಗುತ್ತಿದ್ದೆ. ಮೊದಲ ತಿಂಗಳು ಹೇಳುವುದು ಕಷ್ಟವಿತ್ತು, ಆರು ತಿಂಗಳಾದ ಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಎನ್ನುವ ಭಯವೂ ಸೇರಿಕೊಂಡಿತು, ವರ್ಷ ಕಳೆದ ಮೇಲೆ ಅದು ಮನೆಯ ರೂಢಿಯೇ ಆಗಿಹೋಯಿತು. ಚಿಕ್ಕಪ್ಪ ತುಮಕೂರಿನ ಅಂಚಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೇ ಹೋದರು. ಗುಬ್ಬಿಯಿಂದ ದಿನಾ ಓಡಾಡಬಹುದಾಗಿದ್ದ ಕೆಲಸ ಅದು. ಅಜ್ಜಿ ತೀರಿಕೊಂಡಳು. ಅಪ್ಪ ಅಮ್ಮ ನನ್ನ ಓದಿಗೆಂದು ಬೇರೆ ಮನೆ ಮಾಡಿದರು. ದೊಡ್ಡಪ್ಪನ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯಲ್ಲಿ ಅವರ ಪಕ್ಕ ಮೂರು ದಿನ ಕೂತಿದ್ದೆ. ಬಲಗಿವಿ ಕೇಳಿಸುತ್ತಿತ್ತು. ಅಲ್ಲಿಯೂ ಹೇಳಲಿಲ್ಲ. ಆ ಮನೆ ಈಗ ಯಾರದೋ ಗೋಡೌನು. ರೈಲು ಹೋದರೆ ಲೋಟಗಳು ಸದ್ದು ಮಾಡುವುದಿಲ್ಲ.

ಎಂಬತ್ತರ ದಶಕದಲ್ಲಿ ನಾನು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳತೊಡಗಿದ್ದೆ. ತುಮಕೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಬಕೆಟ್ಟುಗಳ ನಡುವೆ ಅಂಥದೇ ಒಂದು ಟೋಪಿ ಕಂಡು, ಬಿಟ್ಟುಬರಲಾಗದೆ ತಂದೆ. ಅದೇ ಮೊದಲು. ಈಗ ಹದಿನಾಲ್ಕಿವೆ. ಎಲ್ಲರೂ ಇದೇನು ಹೆಂಗಸಿಗೆ ಇಂಥ ಹುಚ್ಚು ಎನ್ನುತ್ತಾರೆ. ನಾನು ಮಾಡುವ ಕೆಲಸವೆಂದರೆ ಹೆಚ್ಚಾಗಿ ಮಾಡದೆ ಇರುವುದು. ಒಣ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಯಾವುದೇ ದ್ರವವನ್ನು ಮೊದಲು ಕಾಣದ ಜಾಗದಲ್ಲಿ, ಹತ್ತಿಯ ತುದಿಯಲ್ಲಿ ತಾಗಿಸಿ, ಹತ್ತಿಗೆ ಬಣ್ಣ ಹತ್ತಿತೇ ಎಂದು ನೋಡಿಕೊಳ್ಳಬೇಕು. ಗಟ್ಟಿ ಕೊಳೆಗೆ ಬಿದಿರುಕಡ್ಡಿ; ಕಬ್ಬಿಣಕ್ಕೆ ಕಬ್ಬಿಣ ತಾಗಿಸಬಾರದು. ತಿನ್ನುತ್ತಿರುವ ತುಕ್ಕನ್ನು ತಡೆಯಬೇಕು, ತಿಂದು ಸುಮ್ಮನಾದ ತುಕ್ಕನ್ನು ಅದರ ಪಾಡಿಗೆ ಬಿಡಬೇಕು. ನೆರಳಲ್ಲಿ ಒಣಗಿಸಿ ತೆಳ್ಳಗೆ ಮೇಣ ಸವರಬೇಕು. ಇದೆಲ್ಲ ಪುಸ್ತಕ ಓದಿ ಕಲಿತೆ ಎಂದು ಕೇಳಿದವರಿಗೆ ಹೇಳುತ್ತೇನೆ.

ದೊಡ್ಡಪ್ಪನ ಕಬ್ಬಿಣದ ಟ್ರಂಕು ಕೊನೆಗೆ ನನ್ನ ಪಾಲಿಗೆ ಬಂತು. ಖಾಕಿ ಅಂಗಿಯಲ್ಲಿ ಸುತ್ತಿದ್ದ ಟೋಪಿ ಅದರೊಳಗಿತ್ತು. ನಾನು ಬರಿಸಿದ್ದ ಹೊಳಪು ಎಂದೋ ಹೋಗಿ, ಬಣ್ಣವಿಲ್ಲದ ಬರಿಮೈಗೆ ಹೊರಗೆಲ್ಲ ಕೆಂಪು ತುಕ್ಕು ಹತ್ತಿತ್ತು. ಒಳಗೆ ಮಾತ್ರ ಬಸ್ಸಿನ ಗ್ರೀಸನ್ನು ದಪ್ಪವಾಗಿ ಮೆತ್ತಿದ್ದರು. ಒಂದು ವಾರ ಅದನ್ನು ಬಿದಿರುಕಡ್ಡಿಯಿಂದ, ಹತ್ತಿಯಿಂದ ಸ್ವಲ್ಪಸ್ವಲ್ಪವೇ ತೆಗೆದೆ. ಗದ್ದದ ಪಟ್ಟಿ ಸಿಕ್ಕಿಸುವ ಪುಟ್ಟ ಕೊಂಡಿಯ ಸುತ್ತ ಗ್ರೀಸು ಎಲ್ಲಕ್ಕಿಂತ ದಪ್ಪವಿತ್ತು. ಕೊಂಡಿಯ ಹಿಂದೆ, ನನ್ನ ಕುಡುಗೋಲಿನ ತುದಿ ಹೋಗಲಾರದ ಸಂದಿಯಲ್ಲಿ, ಒಂದು ಅಕ್ಷರದ ಬಾಲ ಉಳಿದಿತ್ತು. ಉದ್ದಿನಕಾಳಿನಷ್ಟು ಬಿಳಿ ಪೈಂಟು. ದೊಡ್ಡಪ್ಪ ಅದನ್ನು ಕಂಡಿದ್ದರು, ಕಂಡು ಮುಚ್ಚಿಟ್ಟು ಕಾಪಾಡಿದ್ದರು. ನಾನು ದೀಪವನ್ನು ಓರೆಯಾಗಿ ಹಿಡಿದು ಅದನ್ನು ನೋಡುತ್ತ ಕೂತೆ, ಹನ್ನೊಂದು ವರ್ಷದವಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಮಾರನೆಯ ದಿನ ಟೋಪಿಯನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಸತ್ಯಮಂಗಲಕ್ಕೆ ಹೋದೆ.

ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದಳು. ಕೂದಲು ನೆರೆಯತೊಡಗಿತ್ತು. ನಾನು ಚೀಲ ಬಿಚ್ಚುವ ಮೊದಲೇ ಹೇಳಿಬಿಟ್ಟೆ. ಹೆಸರು ಕೆರೆದವಳು ನಾನು, ನಿನ್ನ ಮೇಲೆ ಬಂದಾಗ ಸುಮ್ಮನಿದ್ದವಳೂ ನಾನು ಎಂದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಗೊತ್ತಿಲ್ವಾ ನಂಗೆ? ನಿನ್ ಉಗುರು ನೋಡಿದ್ನಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ? ಚಿಕ್ಕಪ್ಪಂಗಾದ್ರೂ ಹೇಳ್ಬೋದಿತ್ತು."

"ನೀನೇ ಹೇಳ್ತೀಯ ಅಂತ ಕಾಯ್ಕೊಂಡಿದ್ದೆ ಕಣೇ" ಎಂದಳು. ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು. "ಮಗಾ ಅಲ್ವಾ, ಇವತ್ತ್ ಹೇಳ್ತದೆ, ನಾಳೆ ಹೇಳ್ತದೆ ಅಂತ. ಅವ್ರು ಹೋದ್ ದಿನಾನೂ ಅಂದ್ಕೊಂಡೆ, ಹೇಳಿರ್ತಾಳೆ ಅಂತ. ಮಣ್ಣಿಗೋಗೋವಾಗ್ಲೂ ಅವ್ರಿಗೆ ನಾನೇ ಕೆಟ್ಟೋಳಾಗಿ ಉಳ್ಕಂಡ್ನಲ್ಲೇ."

ಪರವಾಗಿಲ್ಲ ಬಿಡು ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮೊರ ಕೆಳಗಿಟ್ಟು ಕೈ ಚಾಚಿದಳು. ನಾನು ಟೋಪಿ ಕೊಟ್ಟು, ಅವಳ ಬೆರಳು ಹಿಡಿದು ಕೊಂಡಿಯ ಹಿಂದಿನ ಆ ಬಿಳಿಯನ್ನು ಮುಟ್ಟಿಸಿದೆ. "ಇಷ್ಟೇನಾ ಉಳಿದಿರೋದು?" ಎಂದಳು. ಇಷ್ಟೇ ಎಂದೆ. ಆಗ ಅವಳು ಎದ್ದು, ಕ್ಯಾಲೆಂಡರು ತೆಗೆದು, ಆ ಮೊಳೆಗೆ ಟೋಪಿಯನ್ನು ಬಾಯಿ ಗೋಡೆಯ ಕಡೆ ಮಾಡಿ ತೂಗುಹಾಕಿದಳು. "ಇಲ್ಲೇ ಇರ್ಲಿ. ಇದುಕ್ಕೆ ನಾನೂ ಒಂದಷ್ಟು ಬೆಲೆ ಕೊಟ್ಟಿವ್ನಿ" ಎಂದಳು.

ಆಮೇಲೆ ಅವಳು ಇರುವ ತನಕ ಪ್ರತಿವರ್ಷ ಆಯುಧಪೂಜೆಯ ಮರುವಾರ ಮೇಣ, ಹತ್ತಿ ತೆಗೆದುಕೊಂಡು ಅವಳ ಮನೆಗೆ ಹೋಗುತ್ತಿದ್ದೆ. ನಾನು ಕೆಲಸ ಮಾಡುವಷ್ಟು ಹೊತ್ತೂ ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ, "ಎಲ್ಲಿ, ಕೈ ತೋರ್ಸು" ಎನ್ನುತ್ತಿದ್ದಳು. ನಾನು ಕಾಲೇಜಿನಲ್ಲಿ ನೂರಾರು ಜನಕ್ಕೆ ಪಾಠ ಹೇಳುವವಳು, ಎರಡೂ ಕೈ ಮುಂದೆ ಚಾಚುತ್ತಿದ್ದೆ. ಅವಳು ಉಗುರುಗಳನ್ನು ಒಂದೊಂದಾಗಿ ನೋಡಿ, ಆಮೇಲೆ ಕಾಫಿ ಮಾಡಲು ಏಳುತ್ತಿದ್ದಳು. ತಮಾಷೆಯೋ ಶಿಕ್ಷೆಯೋ ನಾನು ಕೇಳಲಿಲ್ಲ.

ಚಿಕ್ಕಮ್ಮ ಹೋದ ಮೇಲೆ ಅವಳ ಮಕ್ಕಳು ಟೋಪಿಯನ್ನು ನನಗೇ ತಂದುಕೊಟ್ಟರು. ಹದಿನಾಲ್ಕರಲ್ಲಿ ಅದನ್ನು ನಾನು ಲೆಕ್ಕ ಹಿಡಿದಿಲ್ಲ, ಅದು ನನ್ನದಲ್ಲ. ಬ್ಯಾಂಕಿನವರು ಹೋದ ಸಂಜೆ ಅದನ್ನು ಗೋಡೆಯಿಂದ ಇಳಿಸಿ, ಮೇಣ ಸವರಿ, ಮತ್ತೆ ಮೊಳೆಗೆ ಹಾಕಿದೆ. ಆಮೇಲೆ ಅಭ್ಯಾಸಬಲದಿಂದ ಎರಡೂ ಕೈಯನ್ನು ಮುಂದೆ ಚಾಚಿ ನಿಂತೆ. ನೋಡುವವರು ಯಾರೂ ಇರಲಿಲ್ಲ.